ಕೆರೆಯ ಮೀನಿಗೊಂದು ಲೆಕ್ಕದ ಪುಸ್ತಕ

ಸೂಳೆಕೆರೆ ಏರಿಯ ಮೇಲೆ ಮೊದಲ ಸಲ ನಿಂತವರು ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: "ಇಷ್ಟು ನೀರಲ್ಲಿ ಎಷ್ಟು ಮೀನಿರಬಹುದು?" ಚನ್ನಗಿರಿ ತಾಲ್ಲೂಕಿನ ಈ ಕೆರೆಗೆ ಶಾಂತಿಸಾಗರ ಎಂಬ ಹೆಸರೂ ಇದೆ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ನೀರು ತುಂಬಿದಾಗ ಸುಮಾರು 2,650 ಹೆಕ್ಟೇರ್ ಹರಡುತ್ತದೆ. ಇಷ್ಟು ನೀರಿನೊಳಗಿನ ಮೀನನ್ನು ಒಂದೊಂದಾಗಿ ಎಣಿಸುವುದು ಯಾರಿಂದಲೂ ಆಗದ ಕೆಲಸ. ಹಾಗಾಗಿ ನಮ್ಮ ಪ್ರಶ್ನೆಯನ್ನೇ ಸ್ವಲ್ಪ ಬದಲಿಸಿಕೊಳ್ಳೋಣ. ಹೋದ ವರ್ಷಕ್ಕಿಂತ ಈ ವರ್ಷ ಮೀನು ಹೆಚ್ಚಿದೆಯೋ, ಕಡಿಮೆಯೋ? ಯಾವ ಜಾತಿ ಹೆಚ್ಚಿದೆ, ಯಾವುದು ಕಾಣೆಯಾಗುತ್ತಿದೆ? ಮೀನಿನ ಮೇಲೆ ಕಣ್ಣಿಡುವುದು ಎಂದರೆ ಇಷ್ಟೇ. ಇದಕ್ಕೆ ಉತ್ತರ ಸಿಗುತ್ತದೆ. ಅದಕ್ಕೆ ಬೇಕಾಗಿರುವುದು ಒಂದು ಪುಸ್ತಕ, ಒಂದು ತಕ್ಕಡಿ, ಒಂದು ಅಳತೆಪಟ್ಟಿ, ಜೊತೆಗೆ ಬಹಳಷ್ಟು ತಾಳ್ಮೆ.

ಮೊದಲ ಪಾಠ ಬಲೆಯದು. ಒಂದು ಊರಿನ ಕೆರೆಯಲ್ಲಿ ಹೋದ ವರ್ಷ ಎರಡು ಬಲೆ ಬಿಟ್ಟು ಒಂದು ರಾತ್ರಿಗೆ 12 ಕಿಲೋ ಮೀನು ಹಿಡಿದರು ಎಂದುಕೊಳ್ಳಿ. ಈ ವರ್ಷ ಅಷ್ಟೇ ಉದ್ದದ ಐದು ಬಲೆ ಬಿಟ್ಟರು, 20 ಕಿಲೋ ಸಿಕ್ಕಿತು. ಸಂತೆಯಲ್ಲಿ ನೋಡಿದವರು "ಈ ಸಲ ಮೀನು ಜಾಸ್ತಿ" ಎನ್ನುತ್ತಾರೆ. ನೀವು ಭಾಗಿಸಿ ನೋಡಿ. ಹೋದ ವರ್ಷ ಬಲೆಗೆ ಆರು ಕಿಲೋ, ಈ ವರ್ಷ ನಾಲ್ಕೇ ಕಿಲೋ. ಸಂತೆಯಲ್ಲಿ ಹೆಚ್ಚಿದ ಮೀನು ಕೆರೆಯಲ್ಲಿ ಕಡಿಮೆಯಾಗಿರುವ ಸಾಧ್ಯತೆಯೇ ಹೆಚ್ಚು. ಅದಕ್ಕೇ ಹಿಡಿದ ಮೀನನ್ನು ಯಾವಾಗಲೂ ಪಟ್ಟ ಶ್ರಮದಿಂದ ಭಾಗಿಸಬೇಕು: ಎಷ್ಟು ಬಲೆ, ಎಷ್ಟು ಉದ್ದ, ಎಷ್ಟು ಹೊತ್ತು. ಈ ಮೂರು ಬರೆಯದ ತೂಕಕ್ಕೆ ಅರ್ಥವಿಲ್ಲ.

ಬಲೆಯ ಕಣ್ಣಿನ ಅಳತೆಯನ್ನೂ ಮರೆಯಬೇಡಿ. ದೊಡ್ಡ ಕಣ್ಣಿನ ಬಲೆಯಲ್ಲಿ ಸಣ್ಣ ಮೀನು ನುಸುಳಿ ಹೋಗುತ್ತದೆ. ಸಣ್ಣ ಕಣ್ಣಿನದಕ್ಕೆ ದೊಡ್ಡ ಮೀನಿನ ಮೂತಿಯೂ ಹೊಗುವುದಿಲ್ಲ. ಒಂದೇ ಅಳತೆಯ ಬಲೆ ಬಿಟ್ಟು "ಇಲ್ಲಿ ಮರಿಗಳೇ ಇಲ್ಲ" ಎಂದರೆ ಅದು ಬಲೆಯ ಮಾತು, ಕೆರೆಯ ಮಾತಲ್ಲ. ಆದ್ದರಿಂದ ಬೇರೆ ಬೇರೆ ಕಣ್ಣಿನ ಬಲೆಗಳನ್ನು ಜೋಡಿಸಿ ಬಿಡುವುದು ವಾಡಿಕೆ. ಒಮ್ಮೆ ಜೋಡಿಸಿದ ಮೇಲೆ ಅದನ್ನು ಬದಲಿಸಕೂಡದು. ಪ್ರತಿ ವರ್ಷವೂ ಅದೇ ಬಲೆ, ಅದೇ ಜಾಗ, ಅದೇ ತಿಂಗಳು.

ಈಗ ಒಂದು ಮೀನನ್ನು ಕೈಗೆತ್ತಿಕೊಳ್ಳಿ. ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಒಣಗೈ ತಾಗಿದರೆ ಮೈಮೇಲಿನ ಲೋಳೆ ಹೋಗುತ್ತದೆ, ನೀರಿಗೆ ಬಿಟ್ಟ ಮೇಲೂ ರೋಗ ಅಂಟಬಹುದು. ಒದ್ದೆ ಹಲಗೆಯ ಮೇಲೆ ಮಲಗಿಸಿ ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಅಳೆಯಿರಿ, ತೂಗಿರಿ, ಬಿಡಿ. ಇಷ್ಟನ್ನು ಅರ್ಧ ನಿಮಿಷದೊಳಗೆ ಮುಗಿಸಲು ಕಲಿಯಬೇಕು. ಉದ್ದ ಮತ್ತು ತೂಕವನ್ನು ಜೊತೆಗಿಟ್ಟರೆ ಮೀನು ತಾನಾಗಿ ಮಾತಾಡುತ್ತದೆ. ಹೋದ ವರ್ಷ 40 ಸೆಂಟಿಮೀಟರಿನ ಒಂದು ಜಾತಿ ಮೀನು ಸರಾಸರಿ ಒಂದು ಕಿಲೋ ತೂಗುತ್ತಿತ್ತು, ಈ ವರ್ಷ ಅಷ್ಟೇ ಉದ್ದದ್ದು 800 ಗ್ರಾಂ ಮಾತ್ರ ಎಂದರೆ, ನೀರಲ್ಲಿ ಮೇವು ಕಡಿಮೆಯಾಗಿರಬಹುದು, ಇಲ್ಲವೆ ಇರುವ ಮೇವಿಗೆ ಬಾಯಿ ಹೆಚ್ಚಾಗಿರಬಹುದು.

ಪುಸ್ತಕದಲ್ಲಿ ಬಿತ್ತಿದ ಮೀನಿಗೊಂದು ಪುಟ, ಕೆರೆಯಲ್ಲೇ ಹುಟ್ಟಿದ್ದಕ್ಕೆ ಇನ್ನೊಂದು ಪುಟ ಇರಲಿ. ಗೆಂಡೆ ಜಾತಿಯ ಕಾಟ್ಲಾ, ರೋಹು, ಮೃಗಾಲ್ ಮೂರೂ ಕೆರೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತದೆ. ಆದರೆ ನಿಂತ ನೀರಿನಲ್ಲಿ ಇವು ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ, ಅದಕ್ಕೆ ಹೊಳೆಯ ನೆರೆ ಬೇಕು. 1957ರ ಜುಲೈ 10ರಂದು ವಿಜ್ಞಾನಿ ಹೀರಾಲಾಲ್ ಚೌಧುರಿ ಚುಚ್ಚುಮದ್ದಿನ ಮೂಲಕ ಗೆಂಡೆ ಜಾತಿಯ ಮೀನುಗಳನ್ನು ಮೊಟ್ಟೆಯಿಡಿಸಿ ತೋರಿಸಿದರು. ಅಲ್ಲಿಂದಾಚೆಗೆ ಸಾಕಣೆ ಕೇಂದ್ರಗಳಲ್ಲಿ ಮರಿ ಮಾಡಿ ಕೆರೆಗೆ ಬಿತ್ತುವುದು ಸುಲಭವಾಯಿತು. ನಮ್ಮ ಕೆರೆಗಳ ಕಾಟ್ಲಾ ಲೆಕ್ಕ ಮುಖ್ಯವಾಗಿ ಬಿತ್ತನೆಯ ಲೆಕ್ಕ. ಎಷ್ಟು ಬಿತ್ತಿದೆವು, ಎಷ್ಟು ಉಳಿದವು? ಸಾಮಾನ್ಯ ಗೆಂಡೆಯ ಕತೆ ಬೇರೆ, ಅದು ನೀರುಗಿಡಗಳಿಗೆ ಅಂಟುವ ಮೊಟ್ಟೆಯನ್ನು ಕೆರೆಯಲ್ಲೇ ಇಡುತ್ತದೆ. ಜಿಲೇಬಿ ಎಂದು ಕರೆಯುವ ತಿಲಾಪಿಯಾ 1952ರಲ್ಲಿ ಹೊರಗಿನಿಂದ ನಮ್ಮ ದೇಶಕ್ಕೆ ಬಂದದ್ದು. ತಾಯಿ ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡೇ ಮರಿ ಮಾಡುವುದರಿಂದ ಅದು ಬಲುಬೇಗ ಹೆಚ್ಚುತ್ತದೆ. ಒಟ್ಟು ತೂಕ ಏರುತ್ತಿದ್ದರೂ ಅದರಲ್ಲಿ ಜಿಲೇಬಿಯ ಪಾಲೇ ಬೆಳೆಯುತ್ತಿದ್ದರೆ, ಊರ ಮೀನು ಹಿಂದೆ ಸರಿಯುತ್ತಿದೆ ಎಂದು ತಿಳಿಯಿರಿ.

ಸಣ್ಣ ಕೆರೆಯಾದರೆ ಒಟ್ಟು ಸಂಖ್ಯೆಯನ್ನೂ ಅಂದಾಜು ಮಾಡಬಹುದು. ಮನೆಯಲ್ಲೇ ಆಡಿ ನೋಡಿ. ಒಂದು ಡಬ್ಬಿ ಅವರೆಕಾಳಿನಿಂದ 50 ಕಾಳು ತೆಗೆದು ಶಾಯಿ ಗುರುತು ಹಾಕಿ, ಮತ್ತೆ ಡಬ್ಬಿಗೆ ಹಾಕಿ ಚೆನ್ನಾಗಿ ಕುಲುಕಿ. ಈಗ ಕಣ್ಣುಮುಚ್ಚಿ 60 ಕಾಳು ತೆಗೆಯಿರಿ. ಅದರಲ್ಲಿ ಆರಕ್ಕೆ ಗುರುತಿದ್ದರೆ, ಹತ್ತರಲ್ಲಿ ಒಂದಕ್ಕೆ ಗುರುತಿದೆ ಎಂದಾಯಿತು. ಗುರುತಿನ ಕಾಳು 50 ಇರುವುದರಿಂದ ಡಬ್ಬಿಯಲ್ಲಿ ಸುಮಾರು 500 ಕಾಳಿವೆ. ಡೆನ್ಮಾರ್ಕಿನ ಪೀಟರ್ಸನ್ 19ನೇ ಶತಮಾನದ ಕೊನೆಗೆ ಮೀನುಗಳಿಗೆ ಗುರುತು ಕಟ್ಟಿ ಬಿಟ್ಟದ್ದರಿಂದ ಈ ಲೆಕ್ಕಕ್ಕೆ ಅವರ ಹೆಸರೇ ಉಳಿದಿದೆ. ಆದರೆ ಷರತ್ತುಗಳಿವೆ: ಗುರುತು ಬಿದ್ದುಹೋಗಬಾರದು, ಮೀನು ಚೆನ್ನಾಗಿ ಬೆರೆಯಬೇಕು, ನಡುವೆ ಹೊಸದು ಬರಬಾರದು, ಇದ್ದದ್ದು ಹೋಗಬಾರದು. ಭದ್ರಾ ನಾಲೆಯ ನೀರು ಬರುವ, ಸಿದ್ಧ ಮತ್ತು ಬಸವ ತೂಬುಗಳಿಂದ ನೀರು ಹೊರಡುವ ಸೂಳೆಕೆರೆಯಲ್ಲಿ ಈ ಷರತ್ತುಗಳನ್ನು ನಂಬುವುದು ಕಷ್ಟ. ಅಲ್ಲಿ ಬಲೆಯ ಲೆಕ್ಕವೇ ಗಟ್ಟಿ.

ಹೊನ್ನಾಳಿ, ನ್ಯಾಮತಿ ಕಡೆಯವರಿಗೆ ತುಂಗಭದ್ರೆ ಪಕ್ಕದಲ್ಲೇ ಇದೆ. ಹೊಳೆ ಮತ್ತು ಕೆರೆಯ ನಡುವೆ ಮಳೆಗಾಲದಲ್ಲಿ ಹಳ್ಳಗಳೇ ದಾರಿ. ಮೊದಲ ಮಳೆಯ ಹೊಸ ನೀರಿಗೆ ಎದುರಾಗಿ ಮೀನು ಹಳ್ಳ, ಗದ್ದೆಗಳಿಗೆ ಏರುತ್ತದೆ. ಮಲೆನಾಡಿನವರು ಇದನ್ನು ಹತ್ತುಮೀನು ಎನ್ನುತ್ತಾರೆ. ಇದು ಮೊಟ್ಟೆಯಿಡುವ ಪಯಣ. ಆ ಕೆಲವು ದಿನ ಹಳ್ಳಕ್ಕೆ ಅಡ್ಡ ಕಟ್ಟಿ ಎಲ್ಲವನ್ನೂ ಬಾಚಿದರೆ ಮುಂದಿನ ವರ್ಷದ ಬಲೆಯಲ್ಲಿ ಅದರ ಫಲ ಕಾಣುತ್ತದೆ. ಇಲ್ಲಿ ನೀವು ಬರೆಯಬೇಕಾದದ್ದು ತೂಕವಲ್ಲ, ತಾರೀಖು. ಯಾವ ಮಳೆಗೆ, ಯಾವ ಹಳ್ಳದಲ್ಲಿ, ಯಾವ ಮೀನು ಏರಿತು?

ತುಂಬಿ ನಿಂತ ದೊಡ್ಡ ಕೆರೆ, ಹೊಳೆಯ ಪಕ್ಕದ ಕೆರೆ ಆಯಿತು; ಜಗಳೂರು ತಾಲ್ಲೂಕಿನದು ಮೂರನೇ ಬಗೆ. ಅಲ್ಲಿನ ಕೆರೆಗಳು ವರ್ಷಗಟ್ಟಲೆ ಒಣಗಿ ಬಿರುಕು ಬಿಟ್ಟದ್ದನ್ನು ಕಂಡವರಿದ್ದಾರೆ. ತುಂಗಭದ್ರೆಯ ನೀರೆತ್ತಿ ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆ ಕಲಿಯುವವರಿಗೆ ಅಪರೂಪದ ಅವಕಾಶ ಕೊಡುತ್ತದೆ, ಏಕೆಂದರೆ ಪೂರ್ತಿ ಒಣಗಿ ತುಂಬಿದ ಕೆರೆಯ ಪುಸ್ತಕವನ್ನು ಮೊದಲ ಪುಟದಿಂದಲೇ ಬರೆಯಬಹುದು. ಗಾಳಿ ಕುಡಿದು ಬದುಕುವ ಕೊರವದಂಥ ಮೀನು ಒದ್ದೆ ಕೆಸರಿನಲ್ಲಿ ಕೆಲಕಾಲ ಉಳಿದಿರಬಹುದು. ಕೆಲವು ನೀರಿನೊಂದಿಗೆ ಬರಬಹುದು, ಉಳಿದವನ್ನು ಬಿತ್ತುತ್ತಾರೆ. ಯಾವುದು ಮೊದಲು ಕಾಣಿಸಿತು ಎಂಬ ಒಂದು ಸಾಲು ಹತ್ತು ವರ್ಷದ ನಂತರ ಬೆಲೆಬಾಳುತ್ತದೆ.

ಮೀನಿನ ಜೊತೆ ನೀರನ್ನೂ ನೋಡಿ. ನೀರಲ್ಲಿ ಕರಗಿದ ಆಮ್ಲಜನಕ ಬೆಳಗಿನ ಜಾವ ತೀರಾ ಕೆಳಗಿಳಿಯುತ್ತದೆ, ರಾತ್ರಿಯಿಡೀ ಪಾಚಿಯೂ ಉಸಿರಾಡುತ್ತದೆಯಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಆಟವಲ್ಲ, ಉಸಿರುಗಟ್ಟುತ್ತಿರುವ ಗುರುತು. ಕಪ್ಪು–ಬಿಳಿ ಬಳಿದ 20 ಸೆಂಟಿಮೀಟರ್ ಅಗಲದ ತಟ್ಟೆಯನ್ನು ಹಗ್ಗ ಕಟ್ಟಿ ಇಳಿಸಿ, ಎಷ್ಟು ಆಳದಲ್ಲಿ ಮರೆಯಾಯಿತು ಎಂದು ಬರೆದರೆ ನೀರಿನ ತಿಳಿಯೂ ದಾಖಲಾಗುತ್ತದೆ. ಇಟಲಿಯ ಪಾದ್ರಿ ಸೆಕ್ಕಿ 1865ರಲ್ಲಿ ಸಮುದ್ರದಲ್ಲಿ ಮಾಡಿದ್ದು ಇಂಥದ್ದನ್ನೇ.

ಬಲೆ ಬಿಡುವ ಮುನ್ನ ಮೀನುಗಾರರ ಸಹಕಾರ ಸಂಘವನ್ನೂ ಮೀನುಗಾರಿಕೆ ಇಲಾಖೆಯನ್ನೂ ಕೇಳಿ, ಕೆರೆ ಗುತ್ತಿಗೆಯಲ್ಲಿರುತ್ತದೆ. ದಿನವೂ ಬಲೆ ಎಳೆಯುವವರು ನಿಮಗಿಂತ ಮೊದಲೇ ಈ ಪುಸ್ತಕವನ್ನು ತಲೆಯಲ್ಲಿ ಬರೆದಿಟ್ಟಿದ್ದಾರೆ. ಅವರ ಪಕ್ಕದಲ್ಲಿ ಕೂತು ಅದನ್ನು ಕಾಗದಕ್ಕೆ ಇಳಿಸುವುದೇ ನಿಮ್ಮ ಅರ್ಧ ಕೆಲಸ.

ಹೊಸಬರು ಮಾಡುವ ಒಂದು ತಪ್ಪನ್ನು ಹೇಳಿ ಮುಗಿಸುತ್ತೇನೆ. ಮೀನು ಸಿಕ್ಕ ದಿನ ಬರೆಯುತ್ತಾರೆ, ಬರಿಗೈಲಿ ಬಂದ ದಿನ ಪುಸ್ತಕ ತೆರೆಯುವುದಿಲ್ಲ. ವರ್ಷದ ಕೊನೆಗೆ ನೋಡಿದರೆ ಆ ಪುಸ್ತಕದ ಕೆರೆಯಲ್ಲಿ ಯಾವತ್ತೂ ಮೀನು ತುಂಬಿಯೇ ಇರುತ್ತದೆ. ತಾರೀಖು, ಬಲೆ, ಗಂಟೆ, ಮುಂದೆ ಒಂದು ಸೊನ್ನೆ. ಆ ಸೊನ್ನೆಯನ್ನೂ ಬರೆಯಿರಿ.