ರಾತ್ರಿ ಪಾದಯಾತ್ರೆ: ಚಾಲಕನ ಕಣ್ಣಿಗೆ ಕಾಣುವಂತೆ ನಡೆಯಿರಿ

ಮಾಘ ಮಾಸ ಬಂತೆಂದರೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯ ರಸ್ತೆಗಳಲ್ಲಿ ಜಾತ್ರೆಯ ಓಡಾಟ. ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಚಕ್ಕಡಿ, ಟ್ರ್ಯಾಕ್ಟರುಗಳು ಹೊರಡುತ್ತವೆ. ಕೊಟ್ಟೂರು ತೇರಿಗೆ ಬಿಸಿಲು ತಪ್ಪಿಸಿಕೊಂಡು ರಾತ್ರಿಯೇ ನಡೆಯುವವರೂ ಇದ್ದಾರೆ. ಆ ತೇರು ಬಹುಳ ಪಕ್ಷದ್ದು. ನಡುರಾತ್ರಿ ಕಳೆಯುವವರೆಗೆ ಬೆಳದಿಂಗಳಿರುವುದಿಲ್ಲ.

ಗಂಟೆಗೆ 60 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕ ನಿಮ್ಮನ್ನು ಕಂಡು, ಬ್ರೇಕ್ ಒತ್ತಿ, ವಾಹನ ನಿಲ್ಲಲು 40 ಮೀಟರಿಗೂ ಹೆಚ್ಚು ದೂರ ಬೇಕು. ತಗ್ಗಿಸಿದ ದೀಪದಲ್ಲಿ ಕಪ್ಪು ಬಟ್ಟೆಯವರು ಅಷ್ಟು ದೂರದಿಂದ ಕಾಣುವುದು ಕಷ್ಟ. ವಾಹನ ನಿಮಗೆ ಕಂಡಿತೆಂದರೆ ನೀವೂ ಚಾಲಕನಿಗೆ ಕಂಡಿರಿ ಎಂದಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತಗಳಲ್ಲಿ ಸತ್ತರು. ಅವರಲ್ಲಿ ಐವರಿಗೊಬ್ಬರಾದರೂ ಪಾದಚಾರಿಗಳು.

ಆದ್ದರಿಂದ ಹೊರಡುವ ಮುನ್ನ ಇಷ್ಟು ನೆನಪಿಡಿ:

* ಬಿಳಿ ಅಥವಾ ತಿಳಿಬಣ್ಣದ ಬಟ್ಟೆ ತೊಡಿ. ಚೀಲದ ಹಿಂಬದಿಗೆ ಹೊಳೆಯುವ ರಿಫ್ಲೆಕ್ಟರ್ ಪಟ್ಟಿ ಅಂಟಿಸಿ.
* ರಸ್ತೆಯ ಬಲ ಅಂಚಿನಲ್ಲಿ, ಎದುರಿನ ವಾಹನ ಕಾಣುವಂತೆ ಒಂದೇ ಸಾಲಾಗಿ ನಡೆಯಿರಿ. ಮಕ್ಕಳು ಒಳಬದಿಯಲ್ಲಿರಲಿ.
* ಸಾಲಿನ ಮೊದಲಿಗರ, ಕೊನೆಯವರ ಕೈಯಲ್ಲಿ ಟಾರ್ಚ್ ಇರಲಿ.
* ದಣಿವಾದರೆ ರಸ್ತೆ ಬಿಟ್ಟು ದೂರ ಕುಳಿತುಕೊಳ್ಳಿ, ಅಂಚಿನಲ್ಲಿ ಮಲಗಬೇಡಿ.
* ಚಕ್ಕಡಿ, ಟ್ರೇಲರುಗಳ ಹಿಂದೆ ಕೆಂಪು ರಿಫ್ಲೆಕ್ಟರ್ ಹಚ್ಚಿ.

ಅಪಘಾತವಾದರೆ 108ಕ್ಕೆ ಕರೆ ಮಾಡಿ. ರಕ್ತ ಸೋರುವಲ್ಲಿ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ. ಪ್ರಜ್ಞೆ ತಪ್ಪಿದವರಿಗೆ ನೀರು ಕುಡಿಸಬೇಡಿ. ಪೊಲೀಸರ ಭಯ ಬೇಡ: 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ನೆರವಾದವರಿಗೆ ರಕ್ಷಣೆ ಕೊಟ್ಟಿದೆ.