ಅಳತೆ ಮೊದಲು, ದೀಪ ಆಮೇಲೆ

ಹಾಸನ, ಚನ್ನರಾಯಪಟ್ಟಣದ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುವವರು ಹಾಲ್‌ಗಾದರೂ ಫಾಲ್ಸ್ ಸೀಲಿಂಗ್ ಇರಲಿ ಎನ್ನುತ್ತಾರೆ. ಮೋಲ್ಡಿನ ಎತ್ತರ ಹತ್ತು ಅಡಿ ಆಸುಪಾಸು ಇದ್ದರೆ ಸೀಲಿಂಗನ್ನು ಎರಡು ಮೂರು ಇಂಚಿಗಿಂತ ಹೆಚ್ಚು ಇಳಿಸಲು ಮನಸ್ಸು ಬರುವುದಿಲ್ಲ. ಅಂಗಡಿಯಲ್ಲಿ ಮೆಚ್ಚಿ ತಂದ ಡೌನ್‌ಲೈಟ್ ಆ ಸಂದಿಯಲ್ಲಿ ಹಿಡಿಸದೆ ವಾಪಸಾಗುವುದು ಇಂಥಲ್ಲೇ.

1. ಸಂದಿ ಅಳೆಯಿರಿ

ಮೇನ್ ಆಫ್ ಮಾಡಿ, ಫ್ಯಾನ್ ಕೊಂಡಿಯ ತೂತಿನಲ್ಲಿ ಮರದ ಕಡ್ಡಿ ತೂರಿಸಿ ಬೋರ್ಡಿನ ಮೇಲ್ಭಾಗದಿಂದ ಮೋಲ್ಡಿನವರೆಗೆ ಅಳೆಯಿರಿ. ತೆಳು ಎಲ್‌ಇಡಿ ಪ್ಯಾನೆಲ್‌ನ ದಪ್ಪ ಸಾಮಾನ್ಯವಾಗಿ ಒಂದು ಇಂಚಿನ ಆಸುಪಾಸು. ಸಿಒಬಿ ದೀಪಗಳಿಗೆ ಇನ್ನೂ ಆಳ ಬೇಕು. ಆದರೆ ದಪ್ಪವೊಂದನ್ನೇ ನೋಡಿದರೆ ಸಾಲದು. ದೀಪ ತೂರಿಸುವಾಗ ಸ್ಪ್ರಿಂಗ್ ಕ್ಲಿಪ್‌ಗಳು ನೆಟ್ಟಗೆ ಮೇಲೆದ್ದಿರುತ್ತವೆ; ತುದಿ ಮೋಲ್ಡಿಗೆ ತಗುಲಿದರೆ ದೀಪ ಕೂರುವುದಿಲ್ಲ. ಅಂಗಡಿಯಲ್ಲೇ ಕ್ಲಿಪ್ ಎತ್ತಿ ಹಿಡಿದು ಟೇಪಿನಲ್ಲಿ ಅಳೆದುಬಿಡಿ. ಡ್ರೈವರ್ ಡಬ್ಬಿಯೂ ಅದೇ ತೂತಿನಲ್ಲಿ ಹೋಗಿ ದೀಪದ ಪಕ್ಕದಲ್ಲಿ ಕೂರಬೇಕು, ಬೆನ್ನ ಮೇಲಲ್ಲ. ಬಿಸಿಗೆ ಮೊದಲು ಕೈಕೊಡುವುದು ಬಹುಪಾಲು ಡ್ರೈವರೇ. ಕ್ಲಿಪ್ ನಿಲ್ಲುವಷ್ಟೂ ಜಾಗವಿಲ್ಲದಿದ್ದರೆ ಸರ್ಫೇಸ್ ಲೈಟ್ ಹಾಕುವುದೇ ಜಾಣತನ.

2. ಗುರುತು ಹಾಕಿ

10x12 ಅಡಿ ಕೋಣೆಗೆ 10 ವಾಟ್‌ನ ನಾಲ್ಕು ದೀಪ ಸಾಕು. ಉದ್ದದ ಕಡೆ ಗೋಡೆಯಿಂದ 3 ಅಡಿ, ನಡುವೆ 6 ಅಡಿ. ಅಗಲದ ಕಡೆ ಗೋಡೆಯಿಂದ ಎರಡೂವರೆ ಅಡಿ, ನಡುವೆ 5 ಅಡಿ. ಫ್ಯಾನ್ ರೆಕ್ಕೆಯ ನೇರ ಮೇಲೆ ದೀಪ ಬಂದರೆ ಬೆಳಕು ಕಣ್ಣಿಗೆ ಪಟಪಟ ಹೊಡೆಯುತ್ತದೆ. ಜಿಪ್ಸಮ್ ಬೋರ್ಡಿನ ಮೇಲೆ ಅಯಸ್ಕಾಂತ ಆಡಿಸಿ. ಸ್ಕ್ರೂ ಇರುವಲ್ಲಿ ಅಂಟುತ್ತದೆ, ಅದರ ಹಿಂದೆ ಚಾನೆಲ್ ಇದೆ ಎಂದರ್ಥ. ಅಲ್ಲಿ ತೂತು ಬೇಡ.

3. ಕರೆಂಟ್ ತೆಗೆಯಿರಿ

ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿಯನ್ನೇ ಇಳಿಸಿ. ಹಳೆಯ ವೈರಿಂಗ್‌ನಲ್ಲಿ ಸ್ವಿಚ್ ನ್ಯೂಟ್ರಲ್ ಮೇಲೆ ಇದ್ದರೆ, ಆರಿಸಿದ ಮೇಲೂ ಪಾಯಿಂಟ್‌ನಲ್ಲಿ ಫೇಸ್ ಉಳಿದಿರುತ್ತದೆ. ಟೆಸ್ಟರನ್ನು ಕರೆಂಟ್ ಇರುವ ಸಾಕೆಟ್‌ನಲ್ಲಿ ಪರೀಕ್ಷಿಸಿಕೊಂಡ ಮೇಲೆ ಪಾಯಿಂಟ್‌ಗೆ ಇಡಿ.

4. ತೂತು ಕೊರೆಯಿರಿ

ದೀಪದ ಹೊರ ಅಗಲವೇ ಬೇರೆ, ತೂತಿನ ಅಳತೆಯೇ ಬೇರೆ. ಡಬ್ಬಿಯ ಮೇಲೆ 'ಕಟ್ ಔಟ್' ಎಂದು ಬರೆದಿರುವ ಅಳತೆಯ ಹೋಲ್ ಸಾ ಬಳಸಿ. ಮಾಸ್ಕ್, ಕನ್ನಡಕ ಹಾಕಿಕೊಳ್ಳಿ. ಬೋರ್ಡಿನ ದಪ್ಪ ಸಾಮಾನ್ಯವಾಗಿ ಅರ್ಧ ಇಂಚು. ಅದು ಕೊರೆದಾದ ತಕ್ಷಣ ಕೈ ಹಿಡಿಯಿರಿ, ಇಲ್ಲದಿದ್ದರೆ ಮೇಲಿನ ವೈರಿಗೆ ಏಟು. ಕಲ್ನಾರು ಶೀಟ್ ಇದ್ದರೆ ಕೊರೆಯಲೇಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ.

5. ವೈರ್ ಜೋಡಿಸಿ

ಹೊಸ ಪಾಯಿಂಟ್ ಎಳೆಯುವುದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೆಲಸ. ಒಂದೂವರೆ ಚದರ ಮಿ.ಮೀ. ತಾಮ್ರದ ವೈರ್, ಲೈಟ್ ಸರ್ಕ್ಯೂಟ್‌ಗೆ 6 ಆಂಪಿಯರ್ ಎಂಸಿಬಿ, ಜೊತೆಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇರಲಿ. ಜಾಯಿಂಟ್‌ಗೆ ಬರೀ ಟೇಪ್ ಸುತ್ತಿ ಸೀಲಿಂಗ್ ಮೇಲೆ ಬಿಡಬಾರದು. ಕನೆಕ್ಟರ್ ಹಾಕಿ ಡಬ್ಬಿಯೊಳಗಿಡಿ. ದೀಪಕ್ಕೆ ಅರ್ತ್ ತಂತಿ ಕೊಟ್ಟಿದ್ದರೆ ಜೋಡಿಸಲೇಬೇಕು. ಡ್ರೈವರ್ ಸಮೇತ ಬರುವ ದೀಪಕ್ಕೆ ಡ್ರೈವರ್ ತಪ್ಪಿಸಿ ನೇರ 230 ವೋಲ್ಟ್ ಕೊಟ್ಟರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

6. ಹಚ್ಚಿ ನೋಡಿ

ಒಂದೆರಡು ಗಂಟೆ ಉರಿಯಲು ಬಿಡಿ. ಸುಟ್ಟ ವಾಸನೆ ಬಂದರೆ ಕೂಡಲೇ ಎಂಸಿಬಿ ಇಳಿಸಿ. ಆರಿಸಿದ ಮೇಲೂ ಮಿಣಮಿಣ ಎನ್ನುತ್ತಿದ್ದರೆ ಸ್ವಿಚ್‌ಗೆ ಬಂದಿರುವುದು ನ್ಯೂಟ್ರಲ್ಲೋ ಎಂದು ಮೊದಲು ನೋಡಿಸಿ. ಇಡೀ ಮನೆಯ ವೋಲ್ಟೇಜ್ ಏರಿಳಿಯುತ್ತಿದ್ದರೆ ಸೆಸ್ಕ್‌ನ 1912ಕ್ಕೆ ದೂರು ಕೊಡಿ.

ಹಳೆ ಮನೆಗೆ ಎಚ್ಚರ

ಅರಕಲಗೂಡು, ಹೊಳೆನರಸೀಪುರ ಕಡೆಯ ಹೆಂಚಿನ ಮನೆಗಳ ಹಲಗೆ ಅಟ್ಟದಲ್ಲಿ ದೂಳು, ಇಲಿ ಗೂಡು ಎರಡೂ ಬೆಂಕಿಗೆ ದಾರಿ. ಗುಡಿಸದೆ ದೀಪ ಕೂರಿಸಬೇಡಿ, ವೈರನ್ನು ಪೈಪಿನೊಳಗೇ ಎಳೆಸಿ. ಮೋಲ್ಡ್ ಮನೆಯಾದರೂ ಜಡಿಮಳೆಯಲ್ಲಿ ತೇವದ ಕಲೆ ಮೂಡುವ ಜಾಗವಿದ್ದರೆ ಮೊದಲು ಸೋರಿಕೆ ನಿಲ್ಲಿಸಿ.

ಕೊಳ್ಳುವಾಗ ಅದೇ ಮಾದರಿಯ ಒಂದೆರಡು ದೀಪ ಹೆಚ್ಚಿಗೆ ತಂದು, ಡಬ್ಬಿಯ ಮೇಲೆ ತೂತಿನ ಅಳತೆ ಬರೆದಿಡಿ. ನಾಲ್ಕು ವರ್ಷದ ನಂತರ ಒಂದು ಕೆಟ್ಟರೆ, ಬೇರೆ ಕಂಪನಿಯ ದೀಪ ಹಳೆ ತೂತಿಗೆ ಕೂರುತ್ತದೆಂಬ ಖಾತರಿ ಇಲ್ಲ.