ರಾತ್ರಿಯೆಲ್ಲ ಎಬ್ಬಿಸಿದ್ದೇಕೆ?

ಪ್ರಶ್ನೆ: ಡಾಕ್ಟರೇ, 22 ವರ್ಷದ ನನ್ನ ಮಗ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಬಲ ಕಣಕಾಲಿನ ಮೂಳೆಯೂ ಮುರಿಯಿತು. ಸ್ಕ್ಯಾನ್ ಸರಿಯಿದೆ ಎಂದರು, ಕಾಲಿಗೆ ಪ್ಲಾಸ್ಟರ್ ಹಾಕಿದರು. ಆದರೂ ಸಿಸ್ಟರ್ ರಾತ್ರಿಯಿಡೀ ಬಂದು ಅವನನ್ನು ಎಬ್ಬಿಸಿ ಹೆಸರು, ಊರು ಕೇಳುವುದು, ಕಣ್ಣಿಗೆ ಟಾರ್ಚ್ ಬಿಡುವುದು, ಕಾಲ್ಬೆರಳು ಒತ್ತುವುದು ಮಾಡಿದರು. ಹುಡುಗನಿಗೆ ಕಣ್ಣು ಮುಚ್ಚಲು ಬಿಡಲಿಲ್ಲ. ಇದೆಲ್ಲ ಬೇಕಿತ್ತೇ? ನಾಳೆ ಮನೆಗೆ ಕಳಿಸುತ್ತಾರಂತೆ.
– ಹೆಸರು, ಊರು ಬೇಡ

ಉತ್ತರ: ಖಂಡಿತ ಬೇಕಿತ್ತು. ಸ್ಕ್ಯಾನ್ ಹೇಳುವುದು ತೆಗೆದ ಹೊತ್ತಿನ ಸ್ಥಿತಿಯನ್ನು ಮಾತ್ರ. ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಜಿನುಗುತ್ತಿದ್ದರೆ ರೋಗಿ ಕೆಲವು ಗಂಟೆ ಚೆನ್ನಾಗಿಯೇ ಮಾತಾಡಿಕೊಂಡಿದ್ದು ಆಮೇಲೆ ಮಂಕಾಗಬಹುದು. ಮಲಗಿದವನಿಗೆ ನಿದ್ದೆಯೋ, ಎಚ್ಚರ ತಪ್ಪಿದೆಯೋ ಎಂಬುದು ಎಬ್ಬಿಸದೆ ತಿಳಿಯುವುದಿಲ್ಲ.

ಸಿಸ್ಟರ್ ಬರೆದುಕೊಳ್ಳುತ್ತಿದ್ದುದು ಗ್ಲಾಸ್ಗೋ ಕೋಮಾ ಸ್ಕೇಲಿನ ಅಂಕ. ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ಪ್ರಕಟಿಸಿದ ಅಳತೆ ಅದು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ಏನೂ ಸ್ಪಂದಿಸದವನಿಗೂ 3 ಸಿಗುತ್ತದೆ! ಅಂಕ ಎಷ್ಟು ಎನ್ನುವುದಕ್ಕಿಂತ ಹಿಂದಿನ ಸಲಕ್ಕಿಂತ ಇಳಿಯಿತೇ ಎನ್ನುವುದು ಮುಖ್ಯ. 15 ಇದ್ದದ್ದು 13 ಆದರೆ ಡ್ಯೂಟಿ ಡಾಕ್ಟರ್ ಓಡಿ ಬರಬೇಕು. ಟಾರ್ಚ್ ಬಿಟ್ಟಾಗ ಒಂದು ಪಾಪೆ ಮಾತ್ರ ಹಿಗ್ಗಿ ಕುಗ್ಗದೆ ಉಳಿದರೆ, ಒಳಗಿನ ಒತ್ತಡಕ್ಕೆ ಆ ಕಣ್ಣಿನ ನರ ನಲುಗುತ್ತಿರಬಹುದು.

ಇನ್ನು ಕಾಲು. ಮನೆಯವರು ಅಲಕ್ಷ್ಯ ಮಾಡುವುದು ಇದನ್ನೇ. ಕಣಕಾಲಿನ ಸ್ನಾಯುಗಳ ಸುತ್ತ ಹಿಗ್ಗದ ಬಿಗಿ ಪೊರೆಯಿದೆ, ಅದರ ಮೇಲೆ ಪ್ಲಾಸ್ಟರ್. ಬಾವು ಏರಿದರೆ ಹೋಗಲು ಜಾಗವಿಲ್ಲ. ಸಣ್ಣ ರಕ್ತನಾಳಗಳು ಒತ್ತಿಹೋಗಿ ಸ್ನಾಯು, ನರಗಳಿಗೆ ರಕ್ತ ಸಿಗದಂತಾಗುತ್ತದೆ. ಇದೇ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಹಾಗೇ ಆರು ಗಂಟೆ ಕಳೆದರೆ ಸ್ನಾಯು ಸಾಯತೊಡಗುತ್ತದೆ. ಅದಕ್ಕೇ ಸಿಸ್ಟರ್ ಉಗುರು ಒತ್ತುವುದು: ಬಿಳಿಚಿದ ಉಗುರು ಸುಮಾರು 2 ಸೆಕೆಂಡಿನೊಳಗೆ ಕೆಂಪಾಗಬೇಕು. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯಲ್ಲಿ ಮುಟ್ಟಿದರೆ ಗೊತ್ತಾಗಬೇಕು. ಬೆರಳುಗಳನ್ನು ತಾನೇ ಮೇಲೆ ಕೆಳಗೆ ಆಡಿಸಬೇಕು.

ಆದರೆ ಬೆರಳು ಬೆಚ್ಚಗಿದೆ, ನಾಡಿ ಸಿಗುತ್ತಿದೆ ಎಂದು ನೆಮ್ಮದಿಯಿಂದ ಕೂರಬೇಡಿ. ಅವು ಕೆಡುವುದು ಕೊನೆಗೆ. ಮೊದಲು ಬರುವುದು ನೋವು. ಮಾತ್ರೆಗೂ ಬಗ್ಗದೆ ಏರುತ್ತಲೇ ಹೋಗುವ ನೋವು, ನೀವು ಅವನ ಬೆರಳನ್ನು ಮೆಲ್ಲಗೆ ಮೇಲೆತ್ತಿದರೂ ಕಿರುಚುವಂಥ ನೋವು. ‘ಮೂಳೆ ಮುರಿದ ಮೇಲೆ ನೋವು ಇರದೆ ಇನ್ನೇನು, ಸಹಿಸಿಕೋ’ ಎಂದು ಹಿರಿಯರು ಗದರಿಸುವುದು ಇಲ್ಲೇ. ದಯವಿಟ್ಟು ಗದರಿಸಬೇಡಿ, ಇನ್ನೊಂದು ಮಾತ್ರೆ ನುಂಗಿಸಿ ಮಲಗಿಸಲೂ ಬೇಡಿ.

ಮನೆಗೆ ಹೊರಡುವ ಮೊದಲು ಬೆರಳು ನೋಡುವ ಕ್ರಮವನ್ನು ಸಿಸ್ಟರ್ ಹತ್ತಿರವೇ ಕಲಿತುಕೊಳ್ಳಿ. ಪದೇ ಪದೇ ವಾಂತಿ, ಹೆಚ್ಚುವ ತಲೆನೋವು, ತೊದಲು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು ಅಥವಾ ನಾನು ಹೇಳಿದ ಆ ಕಾಲುನೋವು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಬಿಗಿಯಾದ ಪ್ಲಾಸ್ಟರನ್ನು ತುರ್ತು ವಿಭಾಗದಲ್ಲಿ ಸೀಳಿ ಸಡಿಲಿಸುತ್ತಾರೆ, ಮತ್ತೆ ಹಾಕುತ್ತಾರೆ.